ಅಳಿವೆಯಿಂದ ಅಳಿವೆಗೆ: ಮನೆಮಂದಿಯ ಹಾಯಿದೋಣಿ ಪಯಣ

ದೀಪಾವಳಿ ಕಳೆದ ಮೇಲೆ ಮಾರ್ಚ್ ನಡುಭಾಗದವರೆಗೆ ನಮ್ಮ ಪಡುಗಡಲು ಮನೆಮಂದಿಯನ್ನೆಲ್ಲ ಕರೆದುಕೊಂಡು ದೋಣಿಯಲ್ಲಿ ಹೋಗಬಹುದಾದ ಕಡಲು. ಮಳೆಗಾಲದಲ್ಲಿ ಮರವಂತೆಯ ಹೆದ್ದಾರಿಯ ಮೇಲೆ ನೊರೆ ಎರಚುತ್ತಿದ್ದ ಅದೇ ನೀರು ಈಗ ಬೆಳಗಿನ ಜಾವ ಅಲುಗದೆ ಬಿದ್ದಿರುತ್ತದೆ. ಹತ್ತು ಗಂಟೆಯ ತನಕ ಘಟ್ಟದ ಕಡೆಯಿಂದ ತಣ್ಣನೆಯ ಮೂಡುಗಾಳಿ. ನಡುವೆ ಒಂದಿಷ್ಟು ಹೊತ್ತು ಗಾಳಿಯೇ ಇರುವುದಿಲ್ಲ. ನೆಲ ಕಾದು ಅದರ ಮೇಲಿನ ಗಾಳಿ ಮೇಲೇರತೊಡಗಿದಂತೆ ಅದರ ಜಾಗ ತುಂಬಲು ಕಡಲಗಾಳಿ ಒಳಗೆ ನುಗ್ಗುತ್ತದೆ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಬೀಸಿ, ಹೊತ್ತು ಮುಳುಗುವಾಗ ತಗ್ಗುತ್ತದೆ. ಬಡಗಿನಿಂದ ತೆಂಕಿಗೆ, ಅಂದರೆ ಕಾರವಾರದಿಂದ ಮಂಗಳೂರಿನ ಕಡೆಗೆ ಹೊರಟ ಹಾಯಿದೋಣಿಗೆ ಈ ವಾಯವ್ಯ ಗಾಳಿ ಬೆನ್ನಿಗೆ ಸಿಗುತ್ತದೆ. ದೋಣಿ ಹೆಚ್ಚು ವಾಲುವುದಿಲ್ಲ, ಎದುರು ತೆರೆಗೆ ಕುಕ್ಕುವುದಿಲ್ಲ, ಮಕ್ಕಳು ಹೆದರುವುದಿಲ್ಲ.

ಆದರೂ ಸುಮಾರು 320 ಕಿ.ಮೀ. ಉದ್ದದ ಈ ಕರಾವಳಿಯಲ್ಲಿ ಸಂಸಾರ ಸಮೇತ ಹಾಯಿದೋಣಿಯಲ್ಲಿ ಬಂದರಿನಿಂದ ಬಂದರಿಗೆ ಹೋಗುವವರು ಬಹಳ ಅಪರೂಪ. ದೋಣಿಯೆಂದರೆ ನಮಗೆ ಮೀನುಗಾರರ ದುಡಿಮೆ, ಇಲ್ಲವೇ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿಬರುವ ಅರ್ಧ ದಿನದ ಮೋಜು. ನಾಲ್ಕಾರು ದಿನ ಕಡಲ ಮೇಲಿದ್ದು, ರಾತ್ರಿ ಬೇರೆ ಬೇರೆ ಊರಿನ ದಕ್ಕೆಯಲ್ಲಿ ತಂಗುವ ಪ್ರವಾಸ ನಮ್ಮ ರಜೆಯ ಯೋಚನೆಯೊಳಗೆ ಬಂದೇ ಇಲ್ಲ. ಬರಬೇಕು ಎಂದು ನಾನು ನಂಬಿದ್ದೇನೆ. ಅದಕ್ಕೆ ಬೇಕಾದ ಮೊದಲ ಸೌಕರ್ಯ ನಮ್ಮಲ್ಲಿ ಇದ್ದೇ ಇದೆ: ಕಾಳಿ, ಅಘನಾಶಿನಿ, ಶರಾವತಿ, ಗಂಗೊಳ್ಳಿಯ ಪಂಚಗಂಗಾವಳಿ, ಉದ್ಯಾವರ ಹೊಳೆ, ನೇತ್ರಾವತಿ. ಹದಿನೈದು ಇಪ್ಪತ್ತು ನಾಟಿಕಲ್ ಮೈಲಿಗೊಂದರಂತೆ ಒಂದೊಂದು ಅಳಿವೆ, ಅದರೊಳಗೊಂದು ಬಂದರು. ಐರೋಪ್ಯರು ಬರುವ ಮೊದಲೇ ಹಡಗುಗಳು ಈ ತೀರವನ್ನು ಹೀಗೆ ತುಂಡುತುಂಡಾಗಿ ಕ್ರಮಿಸುತ್ತಿದ್ದವು. 1342ರ ಸುಮಾರಿಗೆ ಇಬ್ನ್ ಬತೂತ ಬಡಗಿನಿಂದ ಕಡಲಲ್ಲಿ ಇಳಿದು ಬಂದಾಗ ಹೊನ್ನಾವರ, ಬಾರ್ಕೂರು, ಮಂಗಳೂರುಗಳಲ್ಲಿ ತಂಗಿದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೇ 13 ಶಾಲೆಗಳಿದ್ದುದನ್ನು ಅವನು ಬರೆದಿಟ್ಟಿದ್ದಾನೆ. 1665ರಲ್ಲಿ ಶಿವಾಜಿಯ ಪಡೆ ಬಸರೂರಿಗೆ ಬಂದದ್ದೂ ಕಡಲ ಹಾದಿಯಲ್ಲೇ.

ಇಂಥ ಪ್ರವಾಸ ಹಾಕಿಕೊಳ್ಳುವವರು ಸಾಮಾನ್ಯವಾಗಿ ನಕ್ಷೆ ಹರಡಿಕೊಂಡು ಮೊದಲು ದೂರ ಅಳೆಯುತ್ತಾರೆ. ಮೂವತ್ತು ಅಡಿಯ ಹಾಯಿದೋಣಿ ಗಂಟೆಗೆ ಐದು ನಾಟಿಕಲ್ ಮೈಲಿ, ಅಂದರೆ ಒಂಬತ್ತು ಕಿಲೋಮೀಟರಿನಷ್ಟು ಸಾಗುತ್ತದೆ. ಹಾಗಾದರೆ ದಿನಕ್ಕೆ ಐವತ್ತು ಮೈಲಿ ಹೋಗಬಹುದಲ್ಲ ಎಂದು ಲೆಕ್ಕ ಹಾಕುತ್ತಾರೆ. ಹೆದ್ದಾರಿಯಲ್ಲಿ ಕಾರು ಓಡಿಸಿದವರ ಲೆಕ್ಕ ಇದು, ಕಡಲಿಗೆ ಹೊಂದುವುದಿಲ್ಲ. ಕಡಲಲ್ಲಿ ಅಪಾಯ ಇರುವುದು ನಡುದಾರಿಯಲ್ಲಲ್ಲ, ಬಾಗಿಲಲ್ಲಿ. ಅಳಿವೆಯ ಬಾಯಿಗೆ ಎಷ್ಟು ಹೊತ್ತಿಗೆ ತಲುಪಬೇಕು ಎಂಬುದನ್ನು ಮೊದಲು ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಎಷ್ಟು ಗಂಟೆಗೆ ಏಳಬೇಕು, ಏನು ತಿನ್ನಬೇಕು, ಎಷ್ಟು ದೂರ ಹೋಗಬೇಕು ಎಲ್ಲವೂ ಅದರಿಂದಲೇ ಹೊರಡುತ್ತವೆ.

ಅಳಿವೆ ಏಕೆ ಅಷ್ಟು ಮುಖ್ಯ? ಹೊಳೆ ತಂದ ಮರಳನ್ನು ಕಡಲು ಮತ್ತೆ ಒಳಕ್ಕೆ ದೂಡುತ್ತದೆ. ಎರಡೂ ಸೇರಿ ಬಾಯಿಗೆ ಅಡ್ಡಲಾಗಿ ನೀರಿನಡಿ ಮರಳದಿಣ್ಣೆ ಕಟ್ಟುತ್ತವೆ. ಆ ದಿಣ್ಣೆ ಒಂದು ಮಳೆಗಾಲದಿಂದ ಇನ್ನೊಂದಕ್ಕೆ ಜಾಗ ಬದಲಿಸುತ್ತದೆ. ಹೋದ ವರ್ಷ ದೋಣಿ ಹೋದ ದಾರಿಯಲ್ಲಿ ಈ ವರ್ಷ ಮೊಣಕಾಲುದ್ದ ನೀರು. ಹೊರಗಡೆ ಮೆಲ್ಲಗೆ ಉಬ್ಬುತ್ತ ಬರುವ ತೆರೆ, ಆಳ ಕಡಿಮೆಯಾದಲ್ಲಿ ತಳ ತಾಗಿ ನಿಧಾನಿಸಿ, ಎದ್ದು ನಿಂತು ಮುರಿಯುತ್ತದೆ. ಇಳಿತದ ಹೊತ್ತಿಗೆ ಹೊಳೆಯ ನೀರು ರಭಸದಿಂದ ಹೊರಗೆ ಹರಿಯುವಾಗ, ಎದುರಿನಿಂದ ಮಧ್ಯಾಹ್ನದ ವಾಯವ್ಯ ಗಾಳಿ ತೆರೆಗಳನ್ನು ಒಳಕ್ಕೆ ತಳ್ಳಿದರೆ ತೆರೆಗಳು ಕಡಿದಾಗಿ, ಒತ್ತೊತ್ತಾಗಿ ನಿಲ್ಲುತ್ತವೆ. ಕರಾವಳಿಯಲ್ಲಿ ದೋಣಿ ಮಗುಚಿದ ಸುದ್ದಿ ಬಂದಾಗಲೆಲ್ಲ ಓದಿ ನೋಡಿ, ಎಷ್ಟೋ ಸಲ ಜಾಗ ಅಳಿವೆಯೇ ಆಗಿರುತ್ತದೆ. ದಡ ಕಾಣುವಷ್ಟು ಹತ್ತಿರ.

ಗಾಳಿಯೇ ಇಲ್ಲದ ದಿನವೂ ಇದು ಆಗಬಹುದು. ದಕ್ಷಿಣದ ದೂರದ ಸಾಗರದಲ್ಲಿ ಎದ್ದ ಬಿರುಗಾಳಿಯ ತೆರೆ ಸಾವಿರಾರು ಮೈಲಿ ಸಾಗಿ ಬಂದು ನಮ್ಮ ದಿಣ್ಣೆಯ ಮೇಲೆ ಮುರಿಯುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ದಿನವೂ ಪ್ರಕಟಿಸುವ ಕಡಲ ಮುನ್ಸೂಚನೆಯಲ್ಲಿ ಗಾಳಿಯ ಸಾಲಿನ ಜೊತೆಗೇ ಈ ಉಬ್ಬುತೆರೆಯ ಎತ್ತರ, ಅವಧಿಗಳೂ ಇರುತ್ತವೆ. ಅವಧಿ ಉದ್ದವಾದಷ್ಟೂ ತೆರೆಗೆ ಕಸುವು ಹೆಚ್ಚು. ಗಾಳಿಯ ಸಾಲನ್ನಷ್ಟೇ ನೋಡಿ ಹೊರಡುವವರು ಅರ್ಧ ಮುನ್ಸೂಚನೆ ಓದಿದಂತೆ.

ಒಂದು ದಿನದ ಲೆಕ್ಕವನ್ನು ಹಾಕಿ ತೋರಿಸುತ್ತೇನೆ. ಅಘನಾಶಿನಿಯ ಅಳಿವೆಯೊಳಗಿನ ತದಡಿಯಿಂದ ಶರಾವತಿಯ ಹೊನ್ನಾವರಕ್ಕೆ ಸುಮಾರು 15 ನಾಟಿಕಲ್ ಮೈಲಿ. ಆ ದಿನ ಹೊನ್ನಾವರದಲ್ಲಿ ಉಬ್ಬರ ಮಧ್ಯಾಹ್ನ ಎರಡಕ್ಕೆ ತುಂಬುತ್ತದೆ ಎಂದು ಇಟ್ಟುಕೊಳ್ಳಿ. ಒಳಗೆ ಹೋಗಬೇಕಾದದ್ದು ನೀರು ಇನ್ನೂ ಏರುತ್ತಿರುವಾಗ, ತುಂಬುವುದಕ್ಕೆ ಒಂದೂವರೆ ಗಂಟೆಯಿಂದ ಅರ್ಧ ಗಂಟೆಯ ಮೊದಲು. ಏಕೆಂದರೆ ಏರುವ ನೀರಿನಲ್ಲಿ ದೋಣಿ ಮರಳಿಗೆ ತಾಗಿದರೂ ಸ್ವಲ್ಪ ಹೊತ್ತಿನಲ್ಲಿ ತಾನೇ ಏಳುತ್ತದೆ. ಇಳಿಯುವ ನೀರಿನಲ್ಲಿ ತಾಗಿದರೆ ಮುಂದಿನ ಉಬ್ಬರದ ತನಕ ತೆರೆಗಳ ಹೊಡೆತ ತಿನ್ನುತ್ತ ಅಲ್ಲೇ ಬಿದ್ದಿರಬೇಕು. ಹಾಗಾಗಿ ಹನ್ನೆರಡೂವರೆ, ಒಂದರ ಹೊತ್ತಿಗೆ ಬಾಯಿಯ ಎದುರು ಇರಬೇಕು. ಐದು ನಾಟ್ ವೇಗದಲ್ಲಿ ಮೂರು ಗಂಟೆಯ ಹಾದಿ, ಗಾಳಿ ಕೈಕೊಟ್ಟರೆ ಎಂದು ಇನ್ನರ್ಧ ಗಂಟೆ. ಒಂಬತ್ತು, ಒಂಬತ್ತೂವರೆಗೆ ತದಡಿ ಬಿಡಬೇಕು. ಆದರೆ ಅದೂ ಒಂದು ಅಳಿವೆಯೇ. ಆ ದಿನ ಇಳಿತ ಎಂಟರ ಸುಮಾರಿಗೆ ತಳ ಮುಟ್ಟಿರುತ್ತದೆ. ಒಂಬತ್ತಕ್ಕೆ ನೀರು ಆಗಷ್ಟೇ ಏರತೊಡಗಿದೆ, ಒಂಬತ್ತೂವರೆಗೆ ತುಸು ಆಳ ಬಂದಿರುತ್ತದೆ. ನಮ್ಮಲ್ಲಿ ಉಬ್ಬರ ಇಳಿತಗಳ ಅಂತರ ಒಂದೆರಡು ಮೀಟರಿನೊಳಗಿನದು, ಗುಜರಾತಿನ ಭಾವನಗರದ ಕಡೆಯಂತೆ ಹತ್ತು ಮೀಟರ್ ಅಲ್ಲ. ಆದರೆ ಒಂದೂವರೆ ಮೀಟರ್ ನೀರು ಬೇಡುವ ದೋಣಿಗೆ ದಿಣ್ಣೆಯ ಮೇಲೆ ಆ ಒಂದು ಮೀಟರೇ ನಿರ್ಣಾಯಕ. ದೋಣಿ ಆರಿಸುವಾಗ ಅಡಿ ಆಳ ಕಡಿಮೆ ಇರುವುದನ್ನು, ಸಾಧ್ಯವಾದರೆ ಜೋಡಿ ಒಡಲಿನ ಕ್ಯಾಟಮರನ್ನನ್ನು ಹುಡುಕಿ ಎಂದು ನಾನು ಹೇಳುವುದು ಇದಕ್ಕೇ.

ಮರುದಿನ ಇದೇ ಉಬ್ಬರ ಸುಮಾರು ಐವತ್ತು ನಿಮಿಷ, ಅಂದರೆ ಹೆಚ್ಚುಕಡಿಮೆ ಎರಡು ಗಳಿಗೆ ತಡವಾಗಿ ತುಂಬುತ್ತದೆ. ಐದು ದಿನದಲ್ಲಿ ನಾಲ್ಕು ಗಂಟೆಯೇ ಸರಿದು, ಒಳಗೆ ಹೋಗುವ ಹೊತ್ತು ಹೋಗಿ ಹೋಗಿ ಮುಸ್ಸಂಜೆಗೆ ಕೂರುತ್ತದೆ. ಆದ್ದರಿಂದ ಪ್ರವಾಸ ಶುರುಮಾಡುವ ದಿನವನ್ನು ಶನಿವಾರ ಭಾನುವಾರ ನೋಡಿ ಆರಿಸಬಾರದು, ತಿಥಿ ನೋಡಿ ಆರಿಸಬೇಕು. ನಮ್ಮ ತೀರದಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ದಿನಗಳಲ್ಲಿ ಹಗಲಿನ ಉಬ್ಬರ ನಡುಹಗಲಿನ ಆಸುಪಾಸಿಗೆ ತುಂಬುತ್ತದೆ. ಅದರ ಬೆನ್ನಿಗೇ ಹೊರಟರೆ ನಾಲ್ಕೈದು ದಿನ ಅನುಕೂಲದ ಹೊತ್ತು ಸಿಗುತ್ತದೆ. ಪಂಚಾಂಗ ನೋಡಿ ನೀರಿನ ಹೊತ್ತು ಹೇಳುವ ಹಿರಿಯರು ಎಲ್ಲ ಮೀನುಗಾರರ ಕೇರಿಯಲ್ಲೂ ಇದ್ದಾರೆ. ಅವರ ಮಾತನ್ನೂ, ಆಯಾ ಬಂದರಿನ ಉಬ್ಬರ ಇಳಿತದ ಪಟ್ಟಿಯನ್ನೂ ಎದುರುಬದುರು ಇಟ್ಟು ನೋಡಿ. ದಿನದ ಎರಡು ಉಬ್ಬರಗಳೂ ಒಂದೇ ಎತ್ತರಕ್ಕೆ ಏರುವುದಿಲ್ಲ ಎಂಬುದು ಪಟ್ಟಿ ನೋಡಿದರಷ್ಟೇ ಗೊತ್ತಾಗುತ್ತದೆ.

ಇಷ್ಟೆಲ್ಲ ಲೆಕ್ಕದ ಮೇಲೂ, ಬಾಯಿಯ ಹೊರಗೆ ಅರ್ಧ ಮೈಲಿ ದೂರದಲ್ಲಿ ಹಾಯಿ ಇಳಿಸಿ, ಎಂಜಿನ್ ಚಾಲೂ ಮಾಡಿ, ಕಾಲು ಗಂಟೆ ಸುಮ್ಮನೆ ನಿಂತು ನೋಡಬೇಕು. ಎಲ್ಲಿ ಬಿಳಿನೊರೆ ಒಡೆಯುತ್ತದೆ, ಎಲ್ಲಿ ನೀರು ಕಪ್ಪಾಗಿ ನುಣ್ಣಗಿದೆ? ಎಷ್ಟು ದೊಡ್ಡ ತೆರೆಗಳ ನಂತರ ಬಿಡುವು ಸಿಗುತ್ತದೆ? ಒಳಗೆ ಹೋಗುವ ಮೀನುಗಾರರ ದೋಣಿ ಯಾವ ಗೆರೆ ಹಿಡಿಯುತ್ತದೆ? ಅವರು ದಡದ ಎರಡು ಗುರುತುಗಳನ್ನು, ಹಿಂದೊಂದು ಗುಡ್ಡದ ಮರ, ಮುಂದೊಂದು ಗುಡಿಯ ಕಳಸವೋ ದೀಪಸ್ತಂಭವೋ, ಒಂದರ ಮೇಲೊಂದು ಬರುವಂತೆ ಹಿಡಿದು ನೇರ ಒಳಗೆ ಬರುತ್ತಾರೆ. ಗುರುತು ಬೇರ್ಪಟ್ಟರೆ ದಾರಿ ತಪ್ಪಿತು ಎಂದೇ ಅರ್ಥ. ಹೊರಗಿನವರಿಗೆ ಈ ಗುರುತು ಯಾವ ಆಪ್‌ನಲ್ಲೂ ಸಿಗುವುದಿಲ್ಲ. ಹಿಂದಿನ ಬಂದರಿನಲ್ಲೇ ಮುಂದಿನ ಅಳಿವೆ ಬಲ್ಲ ತಂಡೇಲರೊಬ್ಬರನ್ನು, ಅಂದರೆ ಮೀನುದೋಣಿ ನಡೆಸುವವರೊಬ್ಬರನ್ನು, ಕೂಲಿ ಕೊಟ್ಟು ಜೊತೆಗೆ ಕರೆದುಕೊಳ್ಳಿ; ಇಡೀ ಪ್ರವಾಸದಲ್ಲಿ ಇದಕ್ಕಿಂತ ಸಾರ್ಥಕವಾದ ಖರ್ಚಿಲ್ಲ. ಗಂಗೊಳ್ಳಿಯಲ್ಲಿ ಅಂಥವರೊಬ್ಬರು ಬಾಯಿಯ ಎದುರು ನಮ್ಮನ್ನು ತಡೆದು ನಿಲ್ಲಿಸಿ, “ಅರ್ಜೆಂಟ್ ಮಾಡುಕಾಗ, ನೀರ್ ಏರ್ಲಿ” ಎಂದು ಎಲೆಯಡಿಕೆ ಬಿಚ್ಚಿಕೊಂಡು ಕೂತರು. ಎಲೆಯಡಿಕೆ ಮುಗಿಯುವ ಹೊತ್ತಿಗೆ ನೊರೆ ಎದ್ದಿದ್ದ ಜಾಗ ಮಟ್ಟಸವಾಗಿತ್ತು. ಒಳಗೆ ಬರುವಾಗ ಅವರು ಮತ್ತೆ ಮತ್ತೆ ಹಿಂದಕ್ಕೇ ತಿರುಗಿ ನೋಡುತ್ತಿದ್ದರು. ಬೆನ್ನಿಗೆ ಬರುವ ತೆರೆಗೆ ದೋಣಿಯ ಹಿಂಬದಿ ನೇರ ಇರಬೇಕು, ಒಂದಿಷ್ಟು ಓರೆಯಾದರೂ ಅದು ದೋಣಿಯನ್ನು ಅಡ್ಡ ತಿರುಗಿಸಿಬಿಡುತ್ತದೆ.

ಬಾಯಿ ಸರಿಯಿಲ್ಲ ಅನ್ನಿಸಿದರೆ ಒಳಗೆ ಹೋಗಲೇಬಾರದು. ಹಾಗಾಗಿ ಪ್ರತಿ ದಿನದ ಯೋಜನೆಯಲ್ಲಿ ಎರಡನೆಯದೊಂದು ಜಾಗ ಬರೆದಿಟ್ಟಿರಬೇಕು: ಬೇಲೆಕೇರಿಯ ಕೊಲ್ಲಿ, ಮುರ್ಡೇಶ್ವರದ ಗುಡ್ಡದ ಮರೆ, ಹೀಗೆ ತೆರೆ ತಗ್ಗಿರುವಲ್ಲಿ ಲಂಗರು ಹಾಕಿ ಕಾಯಬಹುದಾದ ತಾಣ.

ಈಗ ದಾರಿಗೆ ಬರೋಣ. ಮೊದಲ ಸಲ ಹೋಗುವ ಕುಟುಂಬಕ್ಕೆ ನಾನು ಹೇಳುವುದು ಕಾರವಾರದಿಂದ ಮಲ್ಪೆ: ಒಟ್ಟು ಸುಮಾರು 95 ನಾಟಿಕಲ್ ಮೈಲಿ, ಐದು ದಿನದ ಓಟ, ನಡುವೆ ಬಿಡುವಿನ ದಿನಗಳು ಸೇರಿ ಎಂಟೊಂಬತ್ತು ದಿನ. ಮಲ್ಪೆಯಿಂದ ಮಂಗಳೂರಿಗೆ ಇನ್ನೂ ಮೂವತ್ತು ಮೈಲಿ ಇದೆ, ಆದರೆ ಅದು ಒಂದೇ ಉಸಿರಿನ ಉದ್ದದ ಓಟ. ನಡುವೆ ಮೂಲ್ಕಿಯ ಬಾಯಿ ಬಿಟ್ಟರೆ ನೆಚ್ಚಿಕೊಳ್ಳುವ ಮರೆ ಇಲ್ಲ. ಪಣಂಬೂರಿನ ಎದುರು ದೊಡ್ಡ ಹಡಗುಗಳ ದಾರಿ ದಾಟಬೇಕು. ಕೊನೆಗೆ ನೇತ್ರಾವತಿ ಅಳಿವೆ. ಮೊದಲ ಸಲಕ್ಕೆ ಅದು ಬೇಡ.

ಕಾರವಾರದಲ್ಲಿ ಎರಡು ದಿನ ಇರಿ. ಗುಡ್ಡ, ದ್ವೀಪಗಳ ಮರೆಯಿರುವ ಆ ಕೊಲ್ಲಿಯಲ್ಲಿ, ಬೈತಖೋಲದ ಒಳಗೆ, ಬಿರುಗಾಳಿಗೆ ಸಿಕ್ಕ ದೋಣಿಗಳು ಬೇರೆ ಬೇರೆ ರಾಜ್ಯಗಳಿಂದ ಬಂದು ನಿಲ್ಲುವುದುಂಟು. 2019ರ ಅಕ್ಟೋಬರಿನ ಕ್ಯಾರ್ ಚಂಡಮಾರುತದಲ್ಲಿ ಹಾಗೇ ಆಯಿತು. ದೋಣಿಯ ಒಡನಾಟ ಕಲಿಯಲು ಇಂಥ ಜಾಗವೇ ಬೇಕು. ಮೊದಲ ದಿನ ಕೊಲ್ಲಿಯೊಳಗೇ ಸುತ್ತಾಡಿ. ಹಾಯಿ ಏರಿಸುವುದು, ಗಾಳಿ ಜೋರಾದರೆ ಅದನ್ನು ಮಡಚಿ ಸಣ್ಣದು ಮಾಡುವುದು, ಲಂಗರು ಬಿಡುವುದು ಎಲ್ಲರಿಗೂ ಒಂದು ಸಲ ಕೈಗೆ ಬರಲಿ. ಒಂದು ಅಭ್ಯಾಸವನ್ನಂತೂ ಬಿಡಬೇಡಿ: ಯಾರಿಗೂ ಹೇಳದೆ ಒಂದು ತೆಂಗಿನಕಾಯಿಯನ್ನು ನೀರಿಗೆ ಎಸೆಯಿರಿ. ನೀರಿಗೆ ಬಿದ್ದ ಮನುಷ್ಯನ ತಲೆ ಕಡಲಲ್ಲಿ ಅಷ್ಟೇ ಕಾಣುವುದು. ಒಬ್ಬರು ಕೈ ಚಾಚಿ ಅದನ್ನೇ ತೋರಿಸುತ್ತ ನಿಂತಿರಬೇಕು, ಕಣ್ಣು ಅತ್ತಿತ್ತ ಸರಿಯಬಾರದು. ಇನ್ನೊಬ್ಬರು ಚುಕ್ಕಾಣಿ ತಿರುಗಿಸಬೇಕು. ಮತ್ತೊಬ್ಬರು ಹಗ್ಗ ಹಿಡಿದಿರಬೇಕು. ಎರಡು ತೆರೆಯ ನಡುವೆ ಆ ಕಾಯಿ ಕಣ್ಣಿಗೆ ಬೀಳದೆ ಹೋಗುವುದನ್ನು ನೋಡಿದ ಮಕ್ಕಳಿಗೆ ಲೈಫ್ ಜಾಕೆಟ್ ಹಾಕಿಕೋ ಎಂದು ಮತ್ತೆ ಹೇಳಬೇಕಾಗುವುದಿಲ್ಲ.

ಜಾಕೆಟ್ ಮಾತಿನಲ್ಲಿ ರಾಜಿ ಬೇಡ. 2019ರ ಜನವರಿ 21ರಂದು ಇದೇ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಮಕ್ಕಳೂ ಸೇರಿ 16 ಮಂದಿ ತೀರಿಕೊಂಡರು. ದಡ ಹತ್ತಿರವಿತ್ತು, ಹಗಲಾಗಿತ್ತು, ಸುತ್ತ ದೋಣಿಗಳಿದ್ದವು. ಮಕ್ಕಳ ಅಳತೆಯ ಜಾಕೆಟ್‌ಗೆ ಕಾಲುಗಳ ನಡುವೆ ಹಾದುಬರುವ ಪಟ್ಟಿ ಇರಲೇಬೇಕು, ಇಲ್ಲದಿದ್ದರೆ ನೀರಿನಲ್ಲಿ ಜಾಕೆಟ್ ಮೇಲಕ್ಕೆ ಜಾರಿ ಮಗು ಕೆಳಗೇ ಉಳಿಯುತ್ತದೆ. ದೋಣಿ ಓಡುತ್ತಿರುವಾಗ ಮೇಲ್ಗಡೆ ಇರುವ ಮಕ್ಕಳ ಸೊಂಟಕ್ಕೆ ಕೊಕ್ಕೆಯ ಹಗ್ಗವೂ ಇರಲಿ.

ಕಾರವಾರ ಬಿಡುವ ಮೊದಲು ಒಂದು ಸಂಜೆ ಸಣ್ಣ ದೋಣಿಯಲ್ಲಿ ಕಾಳಿ ಹೊಳೆಯ ಮೇಲಕ್ಕೆ ಹೋಗಿಬನ್ನಿ. 1883ರಲ್ಲಿ ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ 22ರ ಹರೆಯದ ರವೀಂದ್ರನಾಥ ಠಾಕೂರರು ಬೆಳದಿಂಗಳಲ್ಲಿ ಹೀಗೆ ಹೋಗಿ, ಮರಳುವಾಗ ನೀರಿನ ಹರಿವಿಗೇ ದೋಣಿ ಬಿಟ್ಟು ಬಂದದ್ದನ್ನು ‘ಜೀವನಸ್ಮೃತಿ’ಯಲ್ಲಿ ನೆನೆದಿದ್ದಾರೆ. ಅಳಿವೆ ತಲುಪುವಷ್ಟರಲ್ಲಿ ತಡವಾಗಿತ್ತು. ಅವರು ಕಡಲ ಮೇಲೆ ಮುಂದುವರಿಯದೆ, ಅಲ್ಲೇ ಇಳಿದು ಮರಳ ಮೇಲೆ ನಡೆದುಕೊಂಡು ಮನೆ ಸೇರಿದರು. ಹೊತ್ತು ಮೀರಿದರೆ ಮಾಡಬೇಕಾದದ್ದು ಅದನ್ನೇ.

ಕಾರವಾರದಿಂದ ತದಡಿಗೆ 22 ಮೈಲಿ. ತೆಂಕಿಗೆ ತಿರುಗಿದ ಕೂಡಲೇ ಐಎನ್ಎಸ್ ಕದಂಬ ನೌಕಾನೆಲೆ, ಅಂಜುದೀವ್ ದ್ವೀಪ. ಆ ನೀರು ನಿಷಿದ್ಧ. ಡೆಹ್ರಾಡೂನಿನ ಜಲನಕ್ಷೆ ಕಚೇರಿಯ ನಕ್ಷೆಯಲ್ಲಿ ಗಡಿ ನೋಡಿಕೊಂಡು ದೂರದಿಂದಲೇ ಬಳಸಿ ಹೋಗಿ, ದ್ವೀಪದ ಫೋಟೊ ತೆಗೆಯುವ ಆಸೆಯನ್ನೂ ಬಿಡಿ. ಗೋಕರ್ಣದ ಓಂ, ಕುಡ್ಲೆ ತೀರಗಳು ಕಡಲಿನಿಂದ ನೋಡಲು ಚೆಂದ, ರಾತ್ರಿ ತಂಗಲು ಹೊಯ್ದಾಟ ಹೆಚ್ಚು. ತದಡಿಯ ಒಳಗೆ ಅಘನಾಶಿನಿ ಹಿನ್ನೀರು ವಿಶಾಲವಾಗಿ ತೆರೆದುಕೊಳ್ಳುತ್ತದೆ. ಅಣೆಕಟ್ಟಿಲ್ಲದೆ ಹರಿದು ಬರುವ ಹೊಳೆ ಇದು. 2024ರಲ್ಲಿ ಈ ಅಳಿವೆ ಜೌಗುನೆಲಗಳ ರಾಮ್ಸರ್ ಪಟ್ಟಿ ಸೇರಿತು. ಇಳಿತದಲ್ಲಿ ಚಿಪ್ಪು ಆರಿಸುವ ಹೆಂಗಸರು ಸೊಂಟದುದ್ದ ನೀರಿನಲ್ಲಿ ಬಾಗಿ ನಿಂತಿರುತ್ತಾರೆ, ಅವರ ಸಾಲಿನ ನಡುವೆ ದೋಣಿ ನುಗ್ಗಿಸಬೇಡಿ. ಬಿಡುವಿನ ದಿನ ಒಂದಿದ್ದರೆ ಅದನ್ನು ಇಲ್ಲೇ ಕಳೆಯಿರಿ. ಅಳಿವೆಯೊಂದು ಆರು ಗಂಟೆಯಲ್ಲಿ ತುಂಬಿ ಮತ್ತಾರು ಗಂಟೆಯಲ್ಲಿ ಬರಿದಾಗುವುದನ್ನು ಮಕ್ಕಳು ಒಂದು ಪೂರ್ತಿ ದಿನ ಕಣ್ಣಾರೆ ನೋಡಲಿ.

ಹೊನ್ನಾವರದ ಶರಾವತಿ ಬಾಯಿ ಈ ದಾರಿಯ ಅತ್ಯಂತ ನಾಜೂಕಿನ ಜಾಗ. ಮರಳು ಸದಾ ಓಡಾಡುತ್ತಿರುತ್ತದೆ, ತಂಡೇಲರಿಲ್ಲದೆ ಒಳಗೆ ಹೋಗಬೇಡಿ. ಒಳಗೆ ಹೋದ ಮೇಲೂ ಹೆದ್ದಾರಿಯ ಸೇತುವೆಯ ಇತ್ತಲೇ ನಿಲ್ಲಬೇಕು. ಹನ್ನೆರಡು ಮೀಟರ್ ಎತ್ತರದ ಹಾಯಿಕಂಬ ಅದರಡಿ ದಾಟುವುದಿಲ್ಲ. ಹೊಳೆಗೆ ಅಡ್ಡ ಎಳೆದ ವಿದ್ಯುತ್ ತಂತಿಗಳನ್ನು ಎಲ್ಲ ಅಳಿವೆಗಳಲ್ಲೂ ಮೊದಲೇ ವಿಚಾರಿಸಿ. ಸೇತುವೆಯಿಂದ ಮೇಲಕ್ಕೆ, ಕೊಂಕಣ ರೈಲಿನ 2 ಕಿ.ಮೀ. ಮೀರಿದ ಉದ್ದದ ಸೇತುವೆಯಡಿ ಹಾದು ಕಾಂಡ್ಲಾ ಕಾಡು ನೋಡಲು ಊರಿನ ದೋಣಿಗಳು ಸಿಗುತ್ತವೆ. ಹೊನ್ನಾವರದಿಂದ ಭಟ್ಕಳಕ್ಕೆ 20 ಮೈಲಿ, ಅರ್ಧ ದಾರಿಯಲ್ಲಿ ಮುರ್ಡೇಶ್ವರದ ರಾಜಗೋಪುರ ಗಂಟೆಗಟ್ಟಲೆ ಕಣ್ಣಿಗೆ ಆನುತ್ತಲೇ ಇರುತ್ತದೆ. ಭಟ್ಕಳದಿಂದ ಗಂಗೊಳ್ಳಿ 21, ಗಂಗೊಳ್ಳಿಯಿಂದ ಮಲ್ಪೆ 18. ಮಲ್ಪೆಗೆ ಮೊದಲು ಸೇಂಟ್ ಮೇರೀಸ್ ದ್ವೀಪದ ಕಂಬದ ಬಂಡೆಗಳು: ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ, ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ.

ರಾತ್ರಿ ಓಟ ಬೇಡವೇ ಬೇಡ. ನೀರಿನಲ್ಲಿ ಬಿಟ್ಟ ಬಲೆಗಳ ತೇಲುಗಳಿಗೆ ದೀಪ ಇರುವುದಿಲ್ಲ. ಥರ್ಮೊಕೋಲಿನ ತುಂಡೊಂದು ಕತ್ತಲಲ್ಲಿ ಯಾರಿಗೂ ಕಾಣುವುದಿಲ್ಲ, ಹಗ್ಗ ಎಂಜಿನ್‌ನ ಫ್ಯಾನಿಗೆ ಸುತ್ತಿದರೆ ನಡುಗಡಲಿನಲ್ಲಿ ನಿಲ್ಲುತ್ತೀರಿ. ಜೊತೆಗೆ ಅದು ಒಬ್ಬರ ಬಲೆ, ಒಬ್ಬರ ಅನ್ನ. ಹಗಲಲ್ಲೂ ಒಬ್ಬರು ಮುಂಭಾಗದಲ್ಲಿ ಕೂತು ತೇಲುಗಳನ್ನೇ ನೋಡುತ್ತಿರಬೇಕು. ಹತ್ತು ದಾಟಿದ ಮಕ್ಕಳಿಗೆ ಇದು ಹೇಳಿ ಮಾಡಿಸಿದ ಕೆಲಸ.

ಕಡಲ ತಲೆಸುತ್ತು ಎಲ್ಲರನ್ನೂ ಕಾಡುವ ಭಯ. ಕಿವಿಯೊಳಗಿನ ಸಮತೋಲನದ ಅಂಗ ಅಲುಗಾಟ ಹೇಳುತ್ತಿರುವಾಗ ಕಣ್ಣು ಅಲುಗದ ಕೋಣೆಯನ್ನು ತೋರಿಸಿದರೆ ಮೆದುಳಿಗೆ ಗೊಂದಲ. ವಾಂತಿ ಬರುವುದು ಅದರಿಂದ. ಹಾಗಾಗಿ ಒಳಗೆ ಮಲಗಲು ಕಳಿಸಬೇಡಿ, ಮೇಲೆ ಕೂರಿಸಿ ದಿಗಂತ ನೋಡಲು ಹೇಳಿ, ಮೊಬೈಲು ತೆಗೆದಿಡಿ. ಮಾತ್ರೆ ಬೇಕಾದವರು ವೈದ್ಯರನ್ನು ಕೇಳಿ ಹೊರಡುವ ಮೊದಲೇ ನುಂಗಬೇಕು, ಸುತ್ತು ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಬರಿಹೊಟ್ಟೆಯೂ ಕೂಡದು, ಕರಿದ ತಿಂಡಿಯೂ ಕೂಡದು. ಮೂಡೆ, ಕೊಟ್ಟೆ ಕಡುಬು, ಒಣ ಅವಲಕ್ಕಿ, ಶುಂಠಿ ಹಾಕಿದ ಮಜ್ಜಿಗೆ ನಮ್ಮ ದೋಣಿಗೆ ಸರಿಹೊಂದುವ ಬುತ್ತಿ. ಎಲೆಯಲ್ಲೇ ಬೆಂದದ್ದಕ್ಕೆ ತಟ್ಟೆ ಬೇಡ, ಒಂದೇ ಕೈಯಲ್ಲಿ ತಿನ್ನಬಹುದು, ಇನ್ನೊಂದು ಕೈ ದೋಣಿ ಹಿಡಿದುಕೊಳ್ಳಲು ಬಿಡುವಾಗಿರುತ್ತದೆ. ದಕ್ಕೆ ಸೇರಿದ ಮೇಲೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು ಲೆಕ್ಕ ಹಾಕಿ, ಎರಡು ದಿನದ್ದು ಹೆಚ್ಚುವರಿ ಇಡಿ.

ಅಜ್ಜ ಅಜ್ಜಿಯನ್ನು ಬಿಟ್ಟು ಹೋಗಬೇಕೇ? ಈ ಕರಾವಳಿಯ ದೊಡ್ಡ ಭಾಗ್ಯ ಇರುವುದು ಇಲ್ಲೇ. ರಾಷ್ಟ್ರೀಯ ಹೆದ್ದಾರಿ 66, ಮತ್ತು 1998ರಿಂದ ಪೂರ್ಣವಾಗಿ ಓಡುತ್ತಿರುವ ಕೊಂಕಣ ರೈಲು ಎಲ್ಲ ಬಂದರಿನ ಬೆನ್ನಿಗೇ ಹಾದುಹೋಗುತ್ತವೆ. ಕುಟುಂಬವನ್ನು ಎರಡು ಮಾಡಿ: ಕೆಲವರು ಕಡಲಲ್ಲಿ, ಕೆಲವರು ಕಾರಿನಲ್ಲಿ. ಸಂಜೆ ದಕ್ಕೆಯಲ್ಲಿ ಎಲ್ಲರೂ ಸೇರಿ ಊಟ, ಮರುದಿನ ಆಸೆಪಟ್ಟವರು ಅದಲುಬದಲು. ಯಾರಿಗಾದರೂ ಸಾಕೆನಿಸಿದರೆ ಕುಮಟಾ, ಹೊನ್ನಾವರ, ಕುಂದಾಪುರದಲ್ಲಿ ರೈಲು ಹತ್ತಬಹುದು. ಇಳಿದುಹೋಗುವ ದಾರಿ ಇದೆ ಎಂದು ಗೊತ್ತಿದ್ದವರೇ ಕೊನೆಯ ತನಕ ಬರುತ್ತಾರೆ.

ದೋಣಿ ಎಲ್ಲಿ ಸಿಗುತ್ತದೆ ಎಂದು ಕೇಳಬಹುದು. ಗೋವಾದಲ್ಲಿ ಚಾಲಕರ ಸಮೇತ ಹಾಯಿದೋಣಿ ಬಾಡಿಗೆಗೆ ಕೊಡುವವರಿದ್ದಾರೆ, ಅವರೇ ಕಾರವಾರಕ್ಕೆ ತಂದು ನಿಲ್ಲಿಸುವಂತೆ ಮಾತಾಡಬಹುದು. ಸ್ವತಃ ಕಲಿತು ಹೋಗುವ ಆಸೆಯಿದ್ದರೆ ಒಂದೆರಡು ವರ್ಷ ಹಿನ್ನೀರಿನಲ್ಲಿ ಸಣ್ಣ ಹಾಯಿದೋಣಿ ಓಡಿಸಿ ಕೈ ಪಳಗಿಸಿಕೊಳ್ಳಿ. ನಮ್ಮ ಸೇನೆಯ ಎಂಜಿನಿಯರುಗಳು 1985ರಿಂದ 87ರ ನಡುವೆ ‘ತೃಷ್ಣಾ’ ಎಂಬ ಪುಟ್ಟ ಹಾಯಿನೌಕೆಯಲ್ಲಿ ಭೂಮಿಯನ್ನೇ ಸುತ್ತಿ ಬಂದರು ಎಂಬುದನ್ನು ಮಕ್ಕಳಿಗೆ ಹೇಳಿ.

ಕಾಗದಪತ್ರದ ಕೆಲಸ ಬೇಸರದ್ದು, ಆದರೆ ತಪ್ಪಿಸುವಂಥದ್ದಲ್ಲ. 2008ರ ಮುಂಬೈ ದಾಳಿಯ ನಂತರ ಅಪರಿಚಿತ ದೋಣಿ ಕಂಡರೆ ಮೀನುಗಾರರೇ ಮೊದಲು ಫೋನು ಮಾಡುತ್ತಾರೆ, ಅದು ಸರಿಯಾದದ್ದೂ ಹೌದು. ದೋಣಿಯ ನೋಂದಣಿ, ವಿಮೆ, ಎಲ್ಲರ ಗುರುತಿನ ಚೀಟಿ, ದಿನದಿನದ ದಾರಿ ಬರೆದ ಹಾಳೆ ಇವುಗಳ ಪ್ರತಿಯನ್ನು ಬಂದರು ಕಚೇರಿಗೂ ಕರಾವಳಿ ಕಾವಲು ಪೊಲೀಸರಿಗೂ ಮೊದಲೇ ಕೊಡಿ. ಪೊಲೀಸರ ಸಂಖ್ಯೆ 1093, ಕೋಸ್ಟ್ ಗಾರ್ಡ್ 1554. ಫೋನಿಗೆ ಸಿಗ್ನಲ್ ಇಲ್ಲದಲ್ಲಿ ವಿಎಚ್ಎಫ್ ರೇಡಿಯೊದ 16ನೇ ಚಾನೆಲ್.

ದಕ್ಕೆಯಲ್ಲಿ ನಾವು ಅತಿಥಿಗಳು. ಮೀನಿನ ದೋಣಿಗೆ ತಾಗಿಸಿ ಕಟ್ಟುವ ಮೊದಲು ಅದರ ತಂಡೇಲರನ್ನು ಕೇಳಿ, ಅವರು ಹೊರಡುವುದು ಎಷ್ಟು ಹೊತ್ತಿಗೆ ಎಂದೂ ಕೇಳಿ. ಬೆಳಗಿನ ಜಾವ ಮೂರಕ್ಕೆ ಹೊರಡುತ್ತಾರಾದರೆ ಆ ಹೊತ್ತಿಗೆ ಎದ್ದು ಹಗ್ಗ ಬಿಚ್ಚಿಕೊಡುವುದು ನಿಮ್ಮ ಕೆಲಸ. ಮೀನು ಇಳಿಸುವ ಜಾಗಕ್ಕೆ ಅಡ್ಡ ನಿಲ್ಲಬೇಡಿ. ಅವರ ದೋಣಿಯ ಬದಿಗೆ ಕಟ್ಟಿದ ಟೈರು ನಿಮ್ಮ ಬಿಳಿ ಬಣ್ಣಕ್ಕೆ ಕಪ್ಪು ಗೀಚುತ್ತದೆ, ಅದಕ್ಕೆ ಮುಖ ಗಂಟು ಹಾಕಬೇಡಿ. ಐಸು, ಡೀಸೆಲ್, ಅಳಿವೆಯ ಸುದ್ದಿ, ಮುನ್ಸೂಚನೆಯಲ್ಲಿ ಇಲ್ಲದ ನಾಳೆಯ ಗಾಳಿ ಎಲ್ಲವೂ ಅವರಿಂದಲೇ ಸಿಗುವುದು.

ಸರ್ಕಾರದಿಂದ ಆಗಬೇಕಾದದ್ದೂ ಇದೆ, ದೊಡ್ಡದೇನಲ್ಲ. ಕೋಟಿಗಟ್ಟಲೆ ಖರ್ಚಿನ ಮರೀನಾ ನಾನು ಕೇಳುತ್ತಿಲ್ಲ. ತದಡಿ, ಹೊನ್ನಾವರ, ಗಂಗೊಳ್ಳಿ, ಮಲ್ಪೆಗಳಲ್ಲಿ ಮೀನುಗಾರರ ಕೆಲಸಕ್ಕೆ ಅಡ್ಡಿಯಾಗದ ಮೂಲೆಯಲ್ಲಿ ನೀರಿನೊಂದಿಗೆ ಏರಿ ಇಳಿಯುವ ಒಂದೊಂದು ತೇಲುದಕ್ಕೆ, ಒಂದು ನಲ್ಲಿ, ಹೆಂಗಸರು ಮಕ್ಕಳು ನೆಮ್ಮದಿಯಿಂದ ಬಳಸಬಹುದಾದ ಶೌಚಾಲಯ. ಜೊತೆಗೆ ಪ್ರತಿ ಮಳೆಗಾಲದ ನಂತರ ಅಳಿವೆಯ ಆಳ ಅಳೆದು, ದಾರಿಯ ಎರಡು ಬದಿಗೆ ದೀಪವಿರುವ ಬೋಯೆಗಳನ್ನು ಬಿಡಬೇಕು. ಇದು ಪ್ರವಾಸಿಗರಿಗಿಂತ ಮೊದಲು, ದಿನವೂ ಜೀವ ಪಣಕ್ಕಿಟ್ಟು ಒಳಹೊರಗೆ ಹೋಗುವ ಮೀನುಗಾರರಿಗೆ ಸಲ್ಲಬೇಕಾದದ್ದು.

ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಟ್ಟ ದಿನ ನೀವೂ ಮೀನುಗಾರರೇ; ಎಲ್ಲಿದ್ದೀರೋ ಅಲ್ಲೇ ಉಳಿಯಿರಿ. 2017ರ ಓಖಿ ಚಂಡಮಾರುತ ಬಂದದ್ದು ನವೆಂಬರ್ ಕೊನೆ, ಡಿಸೆಂಬರ್ ಮೊದಲಲ್ಲಿ, ಅಂದರೆ ನಾವು ಒಳ್ಳೆಯ ಕಾಲ ಎಂದುಕೊಂಡ ತಿಂಗಳುಗಳಲ್ಲೇ. ಅದಕ್ಕಾಗಿಯೇ ಜನವರಿ, ಫೆಬ್ರುವರಿಗೆ ನನ್ನ ಮೊದಲ ಮಣೆ. ರಜೆಯಲ್ಲಿ ಎರಡು ದಿನ ಹೆಚ್ಚಿಗೆ ಇಟ್ಟುಕೊಂಡರೆ ಸೋಮವಾರ ಕಚೇರಿಗೆ ಹೋಗಬೇಕೆಂಬ ಆತುರದಲ್ಲಿ ಕೆಟ್ಟ ಅಳಿವೆಗೆ ದೋಣಿ ನುಗ್ಗಿಸುವ ಪ್ರಮೇಯ ಬರುವುದಿಲ್ಲ. ಮಲ್ಪೆಗೆ ಮುಟ್ಟಿದ ದಿನ ಸಾಮಾನು ಇಳಿಸುವ ಮೊದಲೇ ಬಂದರು ಕಚೇರಿಗೂ ಕರಾವಳಿ ಕಾವಲು ಪೊಲೀಸರಿಗೂ ಪ್ರವಾಸ ಮುಗಿಯಿತೆಂದು ತಿಳಿಸಿ. ತಿಳಿಸದಿದ್ದರೆ ನೀವು ಬಂದಿಲ್ಲವೆಂದು ಅವರು ಹುಡುಕಾಟಕ್ಕೆ ದೋಣಿ ಹೊರಡಿಸಬೇಕಾದೀತು.